ವೇಗವನ್ನು ಅಳೆದವರು, ವೇಗವನ್ನು ಹಿಡಿದವರು

ಚಾಮರಾಜಪೇಟೆಯ ಸಿರ್ಸಿ ವೃತ್ತದಲ್ಲಿ ಬೆಳಗಿನ ಹೊತ್ತು ಐದು ನಿಮಿಷ ನಿಂತರೆ ಸಾಕು, ಮನುಷ್ಯ ವೇಗದೊಡನೆ ನಡೆಸಿದ ವ್ಯವಹಾರವೆಲ್ಲ ಕಣ್ಣ ಮುಂದೆ ಹಾದುಹೋಗುತ್ತದೆ. ತಳ್ಳುಗಾಡಿ, ಆಟೋ, ನಗರ ಸಾರಿಗೆಯ ಬಸ್ಸು, ಮಾರುಕಟ್ಟೆಯ ಕಡೆಯಿಂದ ಮೇಲ್ಸೇತುವೆ ಇಳಿದು ಬರುವ ಕಾರು, ಎಲ್ಲವೂ ಇಲ್ಲಿಂದ ಮೈಸೂರು ರಸ್ತೆ ಹಿಡಿಯುತ್ತವೆ. 1892ರಲ್ಲಿ ಚಾಮರಾಜೇಂದ್ರ ಒಡೆಯರ ಹೆಸರಿನಲ್ಲಿ ಈ ಬಡಾವಣೆ ರೂಪುಗೊಂಡಾಗ ಇದೇ ದಾರಿಯಲ್ಲಿ ಓಡಾಡುತ್ತಿದ್ದುದು ಎತ್ತಿನ ಗಾಡಿ ಮತ್ತು ಜಟಕಾ. ಜಟಕಾಕ್ಕೆ ವೇಗಮಾಪಕ ಬೇಕಿರಲಿಲ್ಲ. ಕುದುರೆಗೆ ದಣಿವಾದರೆ ಅದೇ ನಿಧಾನವಾಗುತ್ತಿತ್ತು. ಎದುರಿಗೆ ಹಸು ಅಡ್ಡ ಬಂದರೆ, ಗಾಡಿಯವನು ನೋಡದಿದ್ದರೂ ಕುದುರೆ ನೋಡುತ್ತಿತ್ತು. ಯಂತ್ರಕ್ಕೆ ದಣಿವೂ ಇಲ್ಲ, ಕಣ್ಣೂ ಇಲ್ಲ. ಕುದುರೆಯನ್ನು ಬಿಚ್ಚಿ ಯಂತ್ರವನ್ನು ಕಟ್ಟಿದ ದಿನದಿಂದ ಕುದುರೆ ಮಾಡುತ್ತಿದ್ದ ಈ ಕೆಲಸಗಳನ್ನು ಯಾರು ಮಾಡಬೇಕು ಎಂಬ ಪ್ರಶ್ನೆ ಎದ್ದಿತು. ಕಾರಿನ ವೇಗಮಾಪಕ, ವೇಗ ಸಂವೇದಕ ಮತ್ತು ‘ಕ್ರೂಸ್ ಕಂಟ್ರೋಲ್’ ಎಂಬ ವೇಗಪಾಲಕದ ಇತಿಹಾಸ ಆ ಪ್ರಶ್ನೆಗೆ ಸಿಕ್ಕ ಬಿಡಿ ಬಿಡಿ ಉತ್ತರಗಳ ಇತಿಹಾಸ.

ಕಿರುತೆರೆಯ ಅರ್ಧ ಗಂಟೆಯ ಮಾತುಕತೆಯಲ್ಲಿ ಹೇಳಿ ಮುಗಿಸಲಾಗದ ಈ ವಿಷಯವನ್ನು ಇಲ್ಲಿ ಬರೆಯಲು ಒಂದು ಕಾರಣವಿದೆ. ಕೆಲವು ತಿಂಗಳ ಹಿಂದೆ ಮಂಡ್ಯದ ಬಳಿಯ ಆಲೆಮನೆಯೊಂದರಲ್ಲಿ ಚಿತ್ರೀಕರಣ ಮುಗಿಸಿ ನಮ್ಮ ತಂಡ ಬಾಡಿಗೆ ಕಾರಿನಲ್ಲಿ ಬೆಂಗಳೂರಿಗೆ ಮರಳುತ್ತಿತ್ತು. ಮುಸ್ಸಂಜೆ. ಚಾಲಕ ಹೊಸ ಹೆದ್ದಾರಿಯಲ್ಲಿ ವೇಗವನ್ನು ಗಂಟೆಗೆ 100 ಕಿಲೋಮೀಟರಿಗೆ ನಿಲ್ಲಿಸಿ, ಗುಂಡಿ ಒತ್ತಿ, ಕಾಲನ್ನು ಪೆಡಲಿನಿಂದ ತೆಗೆದು ಕುಳಿತಿದ್ದರು. ಮುಂದೆ ಹಿಂಬದಿಯ ದೀಪವಿಲ್ಲದ ಲಾರಿಯೊಂದು ತೆವಳುತ್ತಿತ್ತು. ಚಾಲಕರಿಗೆ ಅದು ಕಂಡಿತ್ತು. ಆದರೂ ಕಾಲು ಬ್ರೇಕಿನ ಮೇಲೆ ಹೋಗಲಿಲ್ಲ. ಪಕ್ಕದಲ್ಲಿದ್ದ ನಾನು ಕೂಗಿದ ಮೇಲೆ ಹೋಯಿತು. ಲಾರಿಯ ಹಿಂಬದಿಗೂ ನಮಗೂ ಒಂದೆರಡು ಮಾರು ಉಳಿದಿತ್ತು. ಕಾರನ್ನು ಪಕ್ಕಕ್ಕೆ ಹಾಕಿ ಬೆವರು ಒರೆಸಿಕೊಳ್ಳುತ್ತಾ ಅವರು ಹೇಳಿದ್ದು ಇಷ್ಟೇ: “ಹೋದ ವಾರ ಓಡಿಸಿದ ಗಾಡಿ ತಾನಾಗೇ ನಿಧಾನ ಆಗ್ತಿತ್ತು ಸಾರ್. ಇದರಲ್ಲೂ ಅದೇ ಥರದ ಬಟನ್ ಇದೆಯಲ್ಲ ಅಂತ ಕಾದೆ.”

ಅವರದು ನಿರ್ಲಕ್ಷ್ಯವಲ್ಲ, ತಪ್ಪು ತಿಳಿವಳಿಕೆ. ಒಂದೇ ಗುಂಡಿಯ ಹಿಂದೆ ಬೇರೆ ಬೇರೆ ಯಂತ್ರಗಳಿರಬಹುದು ಎಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ವೇಗವನ್ನು ಅಳೆಯುವುದು ಒಂದು ಕೆಲಸ, ಅಳೆದ ವೇಗವನ್ನು ಹಿಡಿದಿಡುವುದು ಇನ್ನೊಂದು, ಎಷ್ಟು ವೇಗ ತಕ್ಕದ್ದು ಎಂದು ನೋಡಿ ತಿಳಿಯುವುದು ಮೂರನೆಯದು. ಈ ಮೂರೂ ಹುಟ್ಟಿದ ಕಾಲ ಬೇರೆ, ಹುಟ್ಟಿದ ಕಾರಣವೂ ಬೇರೆ.

ಮುಳ್ಳು ಆಡುವುದು ಹೇಗೆ?

ಚಾಮರಾಜಪೇಟೆಯಿಂದ ಕಲಾಸಿಪಾಳ್ಯ ದಾಟಿ ಜೆ.ಸಿ. ರಸ್ತೆಗೆ ಹೋದರೆ ವಾಹನಗಳ ಬಿಡಿಭಾಗಗಳ ಅಂಗಡಿಗಳು ಸಾಲುಸಾಲಾಗಿ ಸಿಗುತ್ತವೆ. ಸ್ಕೂಟರ್ ಇಟ್ಟುಕೊಂಡಿದ್ದ ಹಳೆಯ ಬೆಂಗಳೂರಿಗರಿಗೆ ‘ಮೀಟರ್ ಕೇಬಲ್’ ಎಂಬ ಮಾತು ಅಪರಿಚಿತವಲ್ಲ. ಉಕ್ಕಿನ ತಂತಿಗಳನ್ನು ಹುರಿ ಮಾಡಿದ ಒಂದು ಉದ್ದನೆಯ ಎಳೆ, ಅದಕ್ಕೊಂದು ಕೊಳವೆಯ ಹೊದಿಕೆ. ಸ್ಕೂಟರಿನಲ್ಲಿ ಮುಂದಿನ ಚಕ್ರದಿಂದ, ಅಂಬಾಸಡರಿನಂಥ ಕಾರಿನಲ್ಲಿ ಗೇರ್ ಪೆಟ್ಟಿಗೆಯಿಂದ ಹೊರಟು ಈ ಎಳೆ ಮೀಟರಿನವರೆಗೆ ಬರುತ್ತಿತ್ತು. ಚಕ್ರ ತಿರುಗಿದಂತೆ ಎಳೆಯೂ ತಿರುಗಬೇಕು. ಒಳಗೆ ಗ್ರೀಸು ಒಣಗಿದರೆ ಮುಳ್ಳು ಜ್ವರ ಬಂದಂತೆ ನಡುಗುತ್ತಿತ್ತು. ಎಳೆ ತುಂಡಾದರೆ ಮುಳ್ಳು ಸೊನ್ನೆಗೆ ಬೀಳುತ್ತಿತ್ತು, ಓಡಿದ ಕಿಲೋಮೀಟರಿನ ಲೆಕ್ಕವೂ ಅಲ್ಲಿಗೇ ನಿಲ್ಲುತ್ತಿತ್ತು. ಹಳೆಯ ಗಾಡಿ ಮಾರುವ ಕೆಲವರು ಕೇಬಲನ್ನು ಬೇಕೆಂದೇ ಕಳಚಿ ಇಡುತ್ತಿದ್ದುದೂ ಇದೇ ಕಾರಣಕ್ಕೆ.

ತಿರುಗುವ ಎಳೆ ಮುಳ್ಳನ್ನು ನೇರವಾಗಿ ತಳ್ಳುವುದಿಲ್ಲ ಎಂಬುದು ಇಲ್ಲಿಯ ಸ್ವಾರಸ್ಯ. ಎಳೆಯ ತುದಿಯಲ್ಲಿ ಒಂದು ಕಾಂತ ತಿರುಗುತ್ತದೆ. ಅದನ್ನು ಮುಟ್ಟದೆ, ಅದರ ಸುತ್ತ ಅಲ್ಯೂಮಿನಿಯಂನ ಪುಟ್ಟ ಬಟ್ಟಲೊಂದು ಕವುಚಿಕೊಂಡಿರುತ್ತದೆ. ಅಲ್ಯೂಮಿನಿಯಂ ಕಾಂತಕ್ಕೆ ಅಂಟುವ ಲೋಹವಲ್ಲ. ಆದರೂ ಕಾಂತ ತಿರುಗಿದಾಗ ಬಟ್ಟಲು ಅದೇ ದಿಕ್ಕಿಗೆ ಎಳೆಯಲ್ಪಡುತ್ತದೆ. ಇಂಥ ಎಳೆತವನ್ನು 1824ರಲ್ಲಿ ಫ್ರಾನ್ಸಿನ ಅರಾಗೊ ಗಮನಿಸಿದ. ಕಾರಣ ತಿಳಿದದ್ದು 1831ರಲ್ಲಿ, ಮೈಕೇಲ್ ಫ್ಯಾರಡೆಯ ಪ್ರಯೋಗಗಳಿಂದ. ಚಲಿಸುವ ಕಾಂತವು ಲೋಹದೊಳಗೆ ನೀರಿನ ಸುಳಿಯಂಥ ವಿದ್ಯುತ್ ಪ್ರವಾಹಗಳನ್ನು ಹುಟ್ಟಿಸುತ್ತದೆ, ಆ ಸುಳಿಗಳೇ ಕಾಂತದ ಚಲನೆಗೆ ಜೋತುಬೀಳುತ್ತವೆ. ಕಾಂತ ಎರಡು ಪಟ್ಟು ವೇಗವಾಗಿ ತಿರುಗಿದರೆ ಎಳೆತವೂ ಎರಡು ಪಟ್ಟು. ಬಟ್ಟಲನ್ನು ಹಿಂದಕ್ಕೆ ಹಿಡಿಯಲು ಕೂದಲೆಳೆಯಷ್ಟು ತೆಳುವಾದ ಸುರುಳಿ ಸ್ಪ್ರಿಂಗು, ಬಟ್ಟಲಿನ ಅಚ್ಚಿಗೆ ಒಂದು ಮುಳ್ಳು. ಎಳೆತಕ್ಕೂ ಸ್ಪ್ರಿಂಗಿಗೂ ರಾಜಿಯಾದ ಜಾಗದಲ್ಲಿ ಮುಳ್ಳು ನಿಲ್ಲುತ್ತದೆ. ಜರ್ಮನಿಯ ಓಟೊ ಶುಲ್ಟ್ಸ 1902ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಇಪ್ಪತ್ತನೆಯ ಶತಮಾನದ ಬಹುಪಾಲು ವಾಹನಗಳು ವೇಗ ತೋರಿಸಿದ್ದು ಈ ತತ್ತ್ವದಿಂದಲೇ.

ಚಕ್ರದ ಸುತ್ತನ್ನು ಎಣಿಸುವ ಇನ್ನೊಂದು ಯಂತ್ರ ನಮ್ಮ ದಿನನಿತ್ಯದ ಜಗಳಕ್ಕೂ ಕಾರಣವಾಗಿತ್ತು. ಅದು ಆಟೋರಿಕ್ಷಾದ ಮೀಟರು. ಬಾವುಟ ಕೆಳಗೆ ತಿರುಗಿಸಿದ ಕೂಡಲೇ ಹಲ್ಲುಚಕ್ರಗಳು ಲೆಕ್ಕ ಆರಂಭಿಸುತ್ತಿದ್ದವು. ಅದನ್ನು ಕಾನೂನು ಮಾಪನಶಾಸ್ತ್ರ ಇಲಾಖೆ ಪರೀಕ್ಷಿಸಿ ಮೊಹರು ಹಾಕಬೇಕೆಂಬ ನಿಯಮ ಇರುವುದು ಏಕೆ? ಅಳತೆ ಎಂದರೆ ಬರೀ ಯಂತ್ರದ ಮಾತಲ್ಲ, ಇಬ್ಬರ ನಡುವಿನ ನಂಬಿಕೆಯ ಮಾತು. ಈ ಅಂಶವನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಬೇಕಾಗುತ್ತದೆ.

ಕೇಬಲಿನಿಂದ ಹಲ್ಲಿನ ಬಳೆಗೆ

ಈಗಿನ ಕಾರುಗಳಲ್ಲಿ ತಿರುಗುವ ಎಳೆ ಇಲ್ಲ. ಚಕ್ರದ ಗುಂಬದ ಬಳಿ ಹಲ್ಲುಗಳಿರುವ ಒಂದು ಉಕ್ಕಿನ ಬಳೆ ಇರುತ್ತದೆ, ಅದರ ಎದುರು ಬೆರಳಿನ ಗಾತ್ರದ ಸಂವೇದಕ. ಹಳೆಯ ಬಗೆಯದರಲ್ಲಿ ಒಂದು ಕಾಂತ, ಅದರ ಸುತ್ತ ತಾಮ್ರದ ಸುರುಳಿ. ಒಂದೊಂದು ಹಲ್ಲು ಹಾದುಹೋದಾಗಲೂ ಸುರುಳಿಯಲ್ಲಿ ಸಣ್ಣದೊಂದು ವಿದ್ಯುತ್ ಮಿಡಿತ ಹುಟ್ಟುತ್ತದೆ. ಇದೂ ಫ್ಯಾರಡೆಯ ಕೊಡುಗೆಯೇ. ಆದರೆ ಗಾಡಿ ತೀರಾ ನಿಧಾನವಾದಾಗ ಈ ಮಿಡಿತ ಕ್ಷೀಣಿಸಿ ಗುರುತಿಗೇ ಸಿಗುವುದಿಲ್ಲ. ಹೊಸ ಬಗೆಯ ಸಂವೇದಕಗಳಲ್ಲಿ ಹಲವು, 1879ರಲ್ಲಿ ಎಡ್ವಿನ್ ಹಾಲ್ ಎಂಬ ಅಮೆರಿಕದ ವಿಜ್ಞಾನಿ ಕಂಡುಹಿಡಿದ ಪರಿಣಾಮವನ್ನು ಬಳಸುತ್ತವೆ. ವಿದ್ಯುತ್ ಹರಿಯುತ್ತಿರುವ ತೆಳು ಹಾಳೆಯನ್ನು ಕಾಂತಕ್ಷೇತ್ರದಲ್ಲಿಟ್ಟರೆ ಹಾಳೆಯ ಎರಡು ಅಂಚುಗಳ ನಡುವೆ ವೋಲ್ಟೇಜು ತೋರುತ್ತದೆ. ಇದಕ್ಕೆ ವೇಗ ಬೇಕಿಲ್ಲ, ಹಲ್ಲು ಎದುರಿಗಿದ್ದರೆ ಸಾಕು. ಆದ್ದರಿಂದ ಇಂಥ ಸಂವೇದಕ ಆಮೆಯ ನಡಿಗೆಯನ್ನೂ ಎಣಿಸಬಲ್ಲದು.

ಲೆಕ್ಕ ಸರಳ. ಚಕ್ರದ ಸುತ್ತಳತೆ 2 ಮೀಟರ್ ಎಂದುಕೊಳ್ಳೋಣ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಚಕ್ರ ಸೆಕೆಂಡಿಗೆ ಸುಮಾರು 14 ಸುತ್ತು ಹಾಕುತ್ತದೆ. ಬಳೆಗೆ 48 ಹಲ್ಲುಗಳಿದ್ದರೆ ಸೆಕೆಂಡಿಗೆ ಸುಮಾರು 670 ಮಿಡಿತ. ಕಾರಿನೊಳಗಿನ ಪುಟ್ಟ ಗಣಕಯಂತ್ರ ಈ ಮಿಡಿತಗಳನ್ನು ಎಣಿಸಿ ವೇಗ ತಿಳಿಯುತ್ತದೆ. ನಾಲ್ಕು ಚಕ್ರಗಳಿಗೂ ಒಂದೊಂದು ಸಂವೇದಕ ಇರುವುದು ಮೂಲತಃ ಬ್ರೇಕಿಗಾಗಿ. ಒಂದು ಚಕ್ರ ಮಾತ್ರ ತಟ್ಟನೆ ನಿಂತರೆ ಅದು ಜಾರುತ್ತಿದೆ ಎಂದರ್ಥ. ಆಗ ಎ.ಬಿ.ಎಸ್. ಎಂಬ ವ್ಯವಸ್ಥೆ ಆ ಚಕ್ರದ ಬ್ರೇಕನ್ನು ಕ್ಷಣಕಾಲ ಸಡಿಲಿಸುತ್ತದೆ. ಭಾರತದಲ್ಲಿ 125 ಸಿ.ಸಿ. ಮೀರಿದ ಎಲ್ಲ ಹೊಸ ದ್ವಿಚಕ್ರ ವಾಹನಗಳಿಗೂ 2019ರ ಏಪ್ರಿಲ್‌ನಿಂದ ಇದು ಕಡ್ಡಾಯವಾಯಿತು.

ಈ ಸಂವೇದಕ ಎಣಿಸುವುದು ಚಕ್ರದ ಸುತ್ತನ್ನೇ ಹೊರತು ರಸ್ತೆಯನ್ನಲ್ಲ. ಟೈರು ಸವೆದು ಸುತ್ತಳತೆ ನೂರಕ್ಕೆ ಎರಡರಷ್ಟು ಕಡಿಮೆಯಾದರೆ ಮೀಟರು ನೂರಕ್ಕೆ ಎರಡರಷ್ಟು ಹೆಚ್ಚು ತೋರಿಸುತ್ತದೆ. ವಿಶ್ವಸಂಸ್ಥೆಯ 39ನೆಯ ವಾಹನ ನಿಯಮದ ಪ್ರಕಾರ ಮೀಟರು ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಲೇಬಾರದು. ಹೆಚ್ಚು ತೋರಿಸಬಹುದು, ಅದಕ್ಕೂ ಮಿತಿಯಿದೆ: ನಿಜವಾದ ವೇಗ 100 ಇದ್ದಾಗ 114ರವರೆಗೆ. ಸುಳ್ಳು ಹೇಳುವುದಾದರೆ ಎಚ್ಚರಿಕೆಯ ಕಡೆಗೇ ಹೇಳು ಎಂದು ಯಂತ್ರಕ್ಕೆ ಕೊಟ್ಟ ಅಪ್ಪಣೆ ಇದು.

ಹಿಡಿದಿಡುವ ಕಲೆ

ಅಳೆಯುವುದಾಯಿತು. ಹಿಡಿದಿಡುವ ವಿದ್ಯೆಯಾದರೋ ಕಾರಿಗಿಂತ ಹಳೆಯದು. 1788ರಲ್ಲಿ ಜೇಮ್ಸ್ ವಾಟ್ ತನ್ನ ಉಗಿ ಯಂತ್ರಕ್ಕೆ ಎರಡು ಗುಂಡುಗಳ ಗವರ್ನರ್ ಅಳವಡಿಸಿದ. ಯಂತ್ರ ವೇಗವಾದರೆ ಗುಂಡುಗಳು ಹೊರಕ್ಕೆ ಹಾರಿ ಉಗಿಯ ಬಾಗಿಲನ್ನು ಕಿರಿದು ಮಾಡುತ್ತವೆ, ನಿಧಾನವಾದರೆ ಒಳಸರಿದು ಬಾಗಿಲು ತೆರೆಯುತ್ತವೆ. ಜಾತ್ರೆಯ ತೊಟ್ಟಿಲು ಸುತ್ತುವಾಗ ಕುರ್ಚಿಗಳು ಹೊರಕ್ಕೆ ವಾಲುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಯಂತ್ರ ತನ್ನ ತಪ್ಪನ್ನು ತಾನೇ ನೋಡಿ ತಿದ್ದಿಕೊಳ್ಳುವ ಈ ಉಪಾಯ ಕೆಲವೊಮ್ಮೆ ಅತಿಯಾಗಿ ತಿದ್ದಿ ಯಂತ್ರವನ್ನು ಹೊಯ್ದಾಡಿಸುತ್ತಿತ್ತು. ಈ ಹೊಯ್ದಾಟ ಯಾವಾಗ ಅಡಗುತ್ತದೆ, ಯಾವಾಗ ಬೆಳೆಯುತ್ತದೆ ಎಂಬುದನ್ನು 1868ರಲ್ಲಿ ಗಣಿತದಿಂದ ತೋರಿಸಿದವನು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್.

ಮೈಸೂರು ಸಂಸ್ಥಾನದ ವಿದ್ಯುತ್ತಿನ ಚರಿತ್ರೆಯೂ ಈ ವಿದ್ಯೆಯನ್ನು ಬಿಟ್ಟು ಇಲ್ಲ. ಶುಲ್ಟ್ಸ ಪೇಟೆಂಟ್ ಪಡೆದ 1902ರಲ್ಲೇ ಶಿವನಸಮುದ್ರದ ಜಲವಿದ್ಯುತ್ ಕೇಂದ್ರ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿತು. ಬೇಡಿಕೆ ಏರಲಿ ಇಳಿಯಲಿ, ನೀರಿನ ಚಕ್ರ ಒಂದೇ ವೇಗದಲ್ಲಿ ತಿರುಗಬೇಕು, ಇಲ್ಲವಾದರೆ ವಿದ್ಯುತ್ತಿನ ಗುಣವೇ ಕೆಡುತ್ತದೆ. ಅದಕ್ಕಾಗಿ ಯಾವ ಜಲವಿದ್ಯುತ್ ಕೇಂದ್ರಕ್ಕೂ ಗವರ್ನರ್ ಬೇಕೇ ಬೇಕು. 1905ರಲ್ಲಿ ಬೆಂಗಳೂರಿಗೆ ವಿದ್ಯುತ್ ದೀಪ ಬಂದಾಗ, ಚಾಮರಾಜಪೇಟೆಯ ಪಕ್ಕದ ಮಾರುಕಟ್ಟೆಯ ಬೀದಿ ಬೆಳಗಿದ್ದರ ಹಿಂದೆ ಕಾವೇರಿಯ ಜೊತೆಗೆ ಈ ವಿದ್ಯೆಯೂ ಇತ್ತು.

ಮುಂದೆ ಇದೇ ವಿದ್ಯೆ ಬೆಂಗಳೂರಿನ ಕಾರ್ಖಾನೆಗೂ ಬಂತು. 1951ರಲ್ಲಿ ಸ್ಥಾಪನೆಯಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ನಮ್ಮ ಬಾಯಲ್ಲಿ ಮೈಕೋ, ಆಡುಗೋಡಿಯಲ್ಲಿ ಡೀಸೆಲ್ ಪಂಪುಗಳನ್ನು ತಯಾರಿಸಿತು. ಲಾರಿ ಮತ್ತು ಟ್ರ್ಯಾಕ್ಟರುಗಳ ಈ ಪಂಪುಗಳ ಹಿಂಬದಿಯ ಪೆಟ್ಟಿಗೆಯಲ್ಲಿ ವಾಟನ ಗುಂಡುಗಳ ಮರಿಮಕ್ಕಳಂಥ ತೂಕದ ತುಂಡುಗಳು ಕುಳಿತು, ಎಂಜಿನ್ನು ಅಂಕೆ ಮೀರದಂತೆ ಇಂಧನವನ್ನು ಹೆಚ್ಚು ಕಡಿಮೆ ಮಾಡುತ್ತಿದ್ದವು. ಹೀಗೆ ಹೊಲ ಉಳುವ ಟ್ರ್ಯಾಕ್ಟರಿಗೆ ವೇಗಪಾಲನೆ ಸಿಕ್ಕಿ ಎಷ್ಟೋ ವರ್ಷಗಳಾದ ಮೇಲೆ ನಮ್ಮ ಮಧ್ಯಮ ವರ್ಗದ ಕಾರಿಗೆ ಅದು ಸಿಕ್ಕಿತು. ಮೈಕೋ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡಿತು.

ಕಣ್ಣಿಲ್ಲದವರು ಕಂಡದ್ದು

1896ರಲ್ಲಿ ಆರಂಭವಾದ ಮಿಂಟೊ ಕಣ್ಣಿನ ಆಸ್ಪತ್ರೆ ಚಾಮರಾಜಪೇಟೆಯ ನೆರೆಯಲ್ಲೇ ಇದೆ. ಅದರ ಮುಂದೆ ಹಾದುಹೋಗುವ ಕಾರುಗಳಲ್ಲಿರುವ ಕ್ರೂಸ್ ಗುಂಡಿಯನ್ನು ಕಲ್ಪಿಸಿದವರು ದೃಷ್ಟಿಯಿಲ್ಲದ ಎಂಜಿನಿಯರ್ ಎಂಬುದು ಬಹಳ ಮಂದಿಗೆ ತಿಳಿಯದು. ರಾಲ್ಫ್ ಟೀಟರ್ 1890ರಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ಹುಟ್ಟಿದರು. ಐದನೆಯ ವಯಸ್ಸಿನಲ್ಲಿ ಚಾಕು ಕಣ್ಣಿಗೆ ತಗುಲಿ, ಕ್ರಮೇಣ ಎರಡೂ ಕಣ್ಣುಗಳ ದೃಷ್ಟಿ ಹೋಯಿತು. ಆದರೂ 1912ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಿಂದ ಎಂಜಿನಿಯರಿಂಗ್ ಪದವಿ ಪಡೆದರು. ಮೊದಲ ಮಹಾಯುದ್ಧದ ಕಾಲದಲ್ಲಿ ನೌಕೆಗಳ ಟರ್ಬೈನುಗಳ ಸಮತೋಲ ತಿದ್ದುವ ಕೆಲಸದಲ್ಲಿ ಅವರ ಸ್ಪರ್ಶಜ್ಞಾನ ನೆರವಾಯಿತು. 1936ರಲ್ಲಿ ಅಮೆರಿಕದ ಮೋಟಾರು ಎಂಜಿನಿಯರುಗಳ ಸಂಘದ ಅಧ್ಯಕ್ಷರೂ ಆದರು.

ಅವರು ತಮ್ಮ ವಕೀಲ ಮಿತ್ರರ ಕಾರಿನಲ್ಲಿ ಹೋಗುತ್ತಿದ್ದಾಗ ಒಂದು ಸಂಗತಿಯನ್ನು ಗಮನಿಸಿದರಂತೆ. ವಕೀಲರು ಮಾತಾಡುವಾಗ ಕಾರು ನಿಧಾನ, ಇವರ ಮಾತು ಕೇಳುವಾಗ ಕಾರು ಜೋರು. ಕಣ್ಣಿದ್ದವರಿಗೆ ದಾರಿಯ ನೋಟದಲ್ಲಿ ಮರೆಯಾಗುವ ಈ ಜಗ್ಗಾಟ ಅವರ ಮೈಗೆ ನೇರವಾಗಿ ತಾಗುತ್ತಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಂಧನ ಮತ್ತು ಟೈರು ಉಳಿಸಲು ಅಮೆರಿಕ ಸರ್ಕಾರ ಗಂಟೆಗೆ 35 ಮೈಲಿಯ, ಅಂದರೆ ಸುಮಾರು 56 ಕಿಲೋಮೀಟರಿನ ಮಿತಿ ಹಾಕಿದಾಗ, ವೇಗವನ್ನು ಹದ್ದಿನಲ್ಲಿಡುವ ಸಾಧನ ಉಪಯುಕ್ತ ಎಂಬುದು ಇನ್ನಷ್ಟು ಸ್ಪಷ್ಟವಾಯಿತು. ಟೀಟರ್ ಅವರಿಗೆ 1950ರಲ್ಲಿ ಪೇಟೆಂಟ್ ದೊರೆಯಿತು. ಅದರಲ್ಲಿಯೂ ಗವರ್ನರ್ ಗುಂಡುಗಳೇ ಇದ್ದವು. ಚಾಲಕ ಒಂದು ವೇಗವನ್ನು ಗೊತ್ತುಮಾಡಿದರೆ, ಆ ವೇಗ ಮುಟ್ಟಿದಾಗ ಆಕ್ಸಿಲರೇಟರ್ ಪೆಡಲು ಕಾಲನ್ನು ಹಿಂದಕ್ಕೆ ಒತ್ತುತ್ತಿತ್ತು. ಮೊದಲ ಕಲ್ಪನೆ ಕಾಲಿಗೆ ವಿಶ್ರಾಂತಿ ಕೊಡುವುದಾಗಿರಲಿಲ್ಲ, ಕಾಲಿಗೆ ಎಚ್ಚರಿಕೆ ಕೊಡುವುದಾಗಿತ್ತು. ವೇಗವನ್ನು ತಾನಾಗಿ ಹಿಡಿದಿಡುವ ಏರ್ಪಾಡು ಅನಂತರ ಸೇರಿತು. 1958ರಲ್ಲಿ ಕ್ರೈಸ್ಲರ್ ಕಂಪನಿ ಇದನ್ನು ‘ಆಟೋ ಪೈಲಟ್’ ಎಂಬ ಹೆಸರಿನಲ್ಲಿ ಮಾರಿತು. ತಪ್ಪು ತಿಳಿವಳಿಕೆಯ ಬೀಜ ಆ ಹೆಸರಿನಲ್ಲಿಯೇ ಇತ್ತು.

ಈಗ ಗುಂಡುಗಳ ಜಾಗದಲ್ಲಿ ಗಣಕಯಂತ್ರ ಬಂದಿದೆ. ಅದು ಮಾಡುವ ಲೆಕ್ಕ ಹೀಗಿದೆ. ಬೇಕಾದ ವೇಗ 100, ಸಂವೇದಕ ಹೇಳುತ್ತಿರುವುದು 96, ಕೊರತೆ 4. ಕೊರತೆಗೆ ತಕ್ಕಷ್ಟು ಇಂಧನ ಹೆಚ್ಚಿಸುವುದು ಮೊದಲ ಹೆಜ್ಜೆ. ಆದರೆ ರಾಮನಗರದ ಕಡೆಯ ಏರಿನಲ್ಲಿ ಇಷ್ಟೇ ಮಾಡಿದರೆ ಕಾರು 98ರಲ್ಲೋ 97ರಲ್ಲೋ ನಿಂತುಬಿಡುತ್ತದೆ. ಕೊರತೆ ಸೊನ್ನೆಯಾದರೆ ಹೆಚ್ಚುವರಿ ಇಂಧನವೂ ಸೊನ್ನೆಯಾಗಬೇಕಲ್ಲ! ಅದಕ್ಕಾಗಿ ಎರಡನೆಯ ಲೆಕ್ಕ. ದಿನಸಿ ಅಂಗಡಿಯ ಉದ್ರಿ ಪುಸ್ತಕದಲ್ಲಿ ಬಾಕಿ ಸೇರುತ್ತಾ ಹೋಗುವಂತೆ, ಕ್ಷಣಕ್ಷಣದ ಕೊರತೆಯನ್ನು ಕೂಡಿಡುತ್ತಾ ಆ ಮೊತ್ತಕ್ಕೆ ತಕ್ಕಂತೆ ಇಂಧನ ಏರಿಸುವುದು. ಬಾಕಿಯ ಬಲದಿಂದ ಕಾರು ಏರಿನಲ್ಲೂ 100 ಮುಟ್ಟುತ್ತದೆ. ಬ್ರೇಕು ಮುಟ್ಟಿದ ಕೂಡಲೇ ಈ ವ್ಯವಸ್ಥೆ ಹಿಂದೆ ಸರಿದು ವೇಗವನ್ನು ಚಾಲಕನ ಕಾಲಿಗೆ ಬಿಟ್ಟುಕೊಡುತ್ತದೆ. ಈ ಯಂತ್ರಕ್ಕೆ ತಿಳಿದಿರುವುದು ಎರಡೇ ಅಂಕಿ, ಬೇಕಾದ ವೇಗ ಮತ್ತು ಇರುವ ವೇಗ. ಎದುರಿಗೆ ಲಾರಿಯಿದೆ ಎಂಬುದು ಈ ಎರಡು ಅಂಕಿಗಳಲ್ಲಿ ಎಲ್ಲೂ ಇಲ್ಲ.

ನೋಡುವ ಕೆಲಸ ಯಾರದು?

ನೋಡುವ ಯಂತ್ರ ಬಂದದ್ದು ಆಮೇಲೆ. 1999ರ ಹೊತ್ತಿಗೆ ಮರ್ಸಿಡಿಸ್‌ನ ದುಬಾರಿ ಕಾರುಗಳಲ್ಲಿ ರಾಡಾರ್ ಸೇರಿತ್ತು. ಕಾರಿನ ಮುಂಭಾಗದಿಂದ ಹೊರಟ ರೇಡಿಯೋ ಅಲೆ ಮುಂದಿನ ವಾಹನಕ್ಕೆ ತಾಗಿ ಮರಳಲು ಹಿಡಿದ ಸಮಯದಿಂದ ದೂರ ತಿಳಿಯುತ್ತದೆ. ಮರಳಿದ ಅಲೆಯ ಆವರ್ತನ ಬದಲಾದದ್ದರಿಂದ, 1842ರಲ್ಲಿ ಡಾಪ್ಲರ್ ಹೇಳಿದ ನಿಯಮದಂತೆ, ಎರಡು ವಾಹನಗಳ ವೇಗದ ವ್ಯತ್ಯಾಸ ತಿಳಿಯುತ್ತದೆ. ಎರಡನ್ನೂ ಸೇರಿಸಿ ಕಾರು ತಾನೇ ನಿಧಾನವಾಗುತ್ತದೆ. ಸಿರ್ಸಿ ವೃತ್ತದಿಂದ ಹೊರಟ ಅದೇ ಮೈಸೂರು ರಸ್ತೆಯ ಬಿಡದಿಯಲ್ಲಿ, 2000ದಲ್ಲಿ ಕ್ವಾಲಿಸ್ ವಾಹನವನ್ನು ಮಾರುಕಟ್ಟೆಗೆ ತಂದ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಿದೆ. ಅಲ್ಲಿ ತಯಾರಾಗಿ 2022ರಲ್ಲಿ ಅನಾವರಣಗೊಂಡ ಇನ್ನೋವಾ ಹೈಕ್ರಾಸ್‌ನ ದುಬಾರಿ ಮಾದರಿಯಲ್ಲಿ ಇಂಥ ರಾಡಾರ್ ವೇಗಪಾಲಕ ಇದೆ. ಇನ್ನೆಷ್ಟೋ ಕಾರುಗಳಲ್ಲಿ ಇರುವುದು ಟೀಟರ್ ಕಾಲದ ಕಣ್ಣಿಲ್ಲದ ಬಗೆ. ಸ್ಟಿಯರಿಂಗಿನ ಮೇಲಿನ ಗುಂಡಿ ಮಾತ್ರ ಹೆಚ್ಚುಕಡಿಮೆ ಒಂದೇ ರೀತಿ. ರಾಡಾರ್ ಉಳ್ಳ ಕಾರು ಕೂಡ, ವೇಗದಲ್ಲಿ ಹೋಗುವಾಗ ರಸ್ತೆಯಲ್ಲಿ ನಿಂತೇ ಇರುವ ವಾಹನವನ್ನು ಯಾವಾಗಲೂ ಗುರುತಿಸುತ್ತದೆಂಬ ಭರವಸೆಯಿಲ್ಲ. ಅದನ್ನು ಕಾರಿನ ಜೊತೆ ಬರುವ ಕೈಪಿಡಿಗಳೇ ಹೇಳುತ್ತವೆ. ಕೈಪಿಡಿ ಇರುವುದು ಕಾರಿನ ಖಾನೆಯಲ್ಲಿ. ಬಾಡಿಗೆ ಚಾಲಕರ ಕೈಗೆ ಬರುವುದು ಕೀಲಿ ಮಾತ್ರ.

ಮಿತಿ ಹಾಕುವ ಯಂತ್ರಗಳ ದಾರಿ ಬೇರೆ. 2015ರ ನಿಯಮದಂತೆ ಆ ವರ್ಷದ ಅಕ್ಟೋಬರ್‌ನಿಂದ ತಯಾರಾದ ಹೆಚ್ಚಿನ ಸಾರಿಗೆ ವಾಹನಗಳು ಗಂಟೆಗೆ 80 ಕಿಲೋಮೀಟರ್ ಮೀರದಂತೆ, ಶಾಲಾ ಬಸ್ಸು ಮತ್ತು ಟ್ಯಾಂಕರುಗಳು 60 ಮೀರದಂತೆ ವೇಗನಿಯಂತ್ರಕ ಹೊಂದಿರಬೇಕು. 2019ರ ಜುಲೈನಿಂದ ಹೊಸ ಕಾರುಗಳು 80 ದಾಟಿದರೆ ಆಗಾಗ, 120 ದಾಟಿದರೆ ಎಡೆಬಿಡದೆ ಕೂಗಿ ಎಚ್ಚರಿಸಬೇಕು. 2023ರ ಮಾರ್ಚ್ 12ರಂದು 118 ಕಿಲೋಮೀಟರಿನ ಬೆಂಗಳೂರು–ಮೈಸೂರು ಹೆದ್ದಾರಿ ಉದ್ಘಾಟನೆಯಾಯಿತು. ಅಪಘಾತಗಳು ಹೆಚ್ಚಿದಾಗ ಅದೇ ವರ್ಷ ಆಗಸ್ಟ್ 1ರಿಂದ ದ್ವಿಚಕ್ರ, ತ್ರಿಚಕ್ರ ವಾಹನಗಳನ್ನೂ ಟ್ರ್ಯಾಕ್ಟರುಗಳನ್ನೂ ಅದರ ಮುಖ್ಯಪಥದಿಂದ ಹೊರಗಿಡಲಾಯಿತು. ಗಂಟೆಗೆ 100 ಕಿಲೋಮೀಟರಿನ ಮಿತಿಯನ್ನು ಜಾರಿಗೆ ತರಲು ಪೊಲೀಸರು ರಾಡಾರ್ ಗನ್ ಹಿಡಿದು ನಿಂತರು.

ಇಷ್ಟೆಲ್ಲ ಏಕೆ ಎಂಬುದಕ್ಕೆ ಅಂಕಿ ಅಂಶಗಳು ಸಾಕ್ಷಿ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಇವುಗಳಲ್ಲಿ ನೂರಕ್ಕೆ 71ರಷ್ಟು ಸಾವುಗಳು ಅತಿವೇಗದ ಲೆಕ್ಕಕ್ಕೆ ಸೇರಿವೆ. ಗಂಟೆಗೆ 80ರಿಂದ 100ಕ್ಕೆ ಏರಿದರೆ ವೇಗ ಹೆಚ್ಚುವುದು ಕಾಲು ಪಾಲು, ಡಿಕ್ಕಿಯ ಶಕ್ತಿ ಹೆಚ್ಚುವುದು ಅರ್ಧಕ್ಕೂ ಮಿಗಿಲು. ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡು ಹಿಡಿದರೆ, 100ರ ವೇಗದಲ್ಲಿ ಅಷ್ಟರೊಳಗೇ ಕಾರು 40 ಮೀಟರ್ ದಾಟಿರುತ್ತದೆ. ಮುಂದಿನ ಲಾರಿ 40ರಲ್ಲಿ ಹೋಗುತ್ತಿದ್ದರೆ ನಡುವಿನ ನೂರು ಮೀಟರ್ ಅಂತರ ಕರಗಲು ಆರು ಸೆಕೆಂಡು ಸಾಕು. ಯಂತ್ರ ನೋಡಿಕೊಳ್ಳುತ್ತದೆಯೇ ಎಂದು ಕಾದು ನೋಡಲು ಅದರಲ್ಲಿ ಬಿಡುವಿಲ್ಲ.

ಆಟೋ ಮೀಟರಿಗೆ ಮೊಹರು ಹಾಕಿದ್ದು ಪ್ರಯಾಣಿಕನ ನಂಬಿಕೆ ಕೆಡಬಾರದೆಂದು. ಕ್ರೂಸ್ ಗುಂಡಿಯ ವಿಷಯದಲ್ಲಿಯೂ ಪ್ರಶ್ನೆ ನಂಬಿಕೆಯದೇ. ಯಂತ್ರ ಮಾಡುವುದನ್ನು ಮಾತ್ರ ನಂಬಬೇಕು, ಮಾಡದೇ ಇರುವುದನ್ನಲ್ಲ. ಹೊಸ ಕಾರು ಕೈಗೆ ಬಂದಾಗ ಕೇಳಬೇಕಾದ ಪ್ರಶ್ನೆ ಒಂದೇ: ಇದು ವೇಗವನ್ನು ಹಿಡಿಯುವುದು ಮಾತ್ರವೋ, ಮುಂದೆ ನೋಡುವುದೂ ಉಂಟೋ? ಕೊಟ್ಟವರು ಉತ್ತರ ಹೇಳದಿದ್ದರೆ ಕೈಪಿಡಿ ತೆರೆಯಬೇಕು. ಅದೂ ಇಲ್ಲದಿದ್ದರೆ ಗುಂಡಿಯನ್ನು ಮುಟ್ಟದಿರುವುದೇ ಲೇಸು. ಊರೊಳಗೆ, ಮಳೆಯಲ್ಲಿ, ಕಿಕ್ಕಿರಿದ ದಾರಿಯಲ್ಲಿ ಅದರ ಗೊಡವೆಯೇ ಬೇಡ.

ಆ ಸಂಜೆ ನಮ್ಮ ಚಾಲಕರು ಉಳಿದ ದಾರಿಯನ್ನು ಕಾಲು ಪೆಡಲಿನ ಮೇಲಿಟ್ಟೇ ಓಡಿಸಿದರು. ಸಿರ್ಸಿ ವೃತ್ತ ತಲುಪುವ ಹೊತ್ತಿಗೆ ಮುಳ್ಳು 20ರ ಆಚೆ ಈಚೆ ಆಡುತ್ತಿತ್ತು. ಇಳಿಯುವಾಗ ಅವರು, “ನಾಳೆ ಇನ್ನೊಂದು ಗಾಡಿ ಸಾರ್. ಹೊರಡೋಕೆ ಮೊದಲೇ ಕೇಳಿಬಿಡ್ತೀನಿ” ಎಂದರು. ಅವರು ಕೇಳಿದಾಗ ಸರಿಯಾದ ಉತ್ತರ ಕೊಡುವ ಹೊಣೆ, ಗಾಡಿ ಕೊಡುವವರದು ಮತ್ತು ಮಾರುವವರದು.